ಏಳಲೊಲ್ಲದ ಗಣಕಯಂತ್ರ

ಗುಂಡಿಯನ್ನು ಒತ್ತಿದರೂ ಮನೆಯ ಗಣಕಯಂತ್ರವು ಏಳದೆ ಹೋದರೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುವವು. “ಮುಟ್ಟಬ್ಯಾಡ್ರೋ, ಸುಟ್ಟು ಹೋದೀತು” ಎಂದು ಹಿರಿಯರು ಹೇಳುವರು. “ಇದರ ಆಯುಷ್ಯ ಮುಗೀತು, ಹೊಸಾದು ತರೂಣು” ಎಂದು ಕಿರಿಯರು ಹೇಳುವರು. ಮೊದಲನೆಯ ಮಾತಿನಲ್ಲಿ ಭಯವಿದೆ, ಎರಡನೆಯದರಲ್ಲಿ ಅವಸರವಿದೆ. ವಿಚಾರವು ಎರಡರಲ್ಲಿಯೂ ಇಲ್ಲ. ಏಳದೆ ಕುಳಿತ ಎಷ್ಟೋ ಯಂತ್ರಗಳಿಗೆ ನಿಜವಾದ ಕೇಡೇ ಆಗಿರುವುದಿಲ್ಲ. ಸಡಿಲಾದ ಒಂದು ಪ್ಲಗ್ಗು, ಜಾಗದಿಂದ ಅಲುಗಿದ ಒಂದು ಪಟ್ಟಿ, ಮರೆತು ಬಿಟ್ಟ ಒಂದು ಪೆನ್ ಡ್ರೈವು, ಇಷ್ಟರಿಂದಲೇ ಅದು ಮುಷ್ಕರ ಹೂಡುವುದುಂಟು. ಅದನ್ನು ಗುರುತಿಸುವ ಬಗೆಯನ್ನು ಎಂಟನೆಯ ಇಯತ್ತೆಯ ಹುಡುಗ ಹುಡುಗಿಯರು ಧಾರಾಳವಾಗಿ ಕಲಿಯಬಹುದು. ಪರಮ್ 8000 ಎಂಬ ಮಹಾಗಣಕವು 1991ರಲ್ಲಿ ಸಿದ್ಧವಾದುದು ಇದೇ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ. ಅಂತಹ ಊರಿನ ಮಕ್ಕಳು ಮನೆಯ ಪೆಟ್ಟಿಗೆಗೆ ಅಂಜುವುದು ಸೊಗಸಲ್ಲ.

ಕಲಿಯಬೇಕಾದ ಅಗತ್ಯವೂ ಇದೆ. ನಮ್ಮ ಮಕ್ಕಳ ಮನೆಗಳಲ್ಲಿ ಗಣಕಯಂತ್ರವಿದ್ದರೆ ಅದು ಬಹುಶಃ ಒಂದೇ ಇರುತ್ತದೆ. ಅದೂ ಯಾವುದೋ ಕಚೇರಿಯಲ್ಲಿ ನಾಲ್ಕಾರು ವರ್ಷ ದುಡಿದು, ಕಡಿಮೆ ಬೆಲೆಗೆ ಮನೆ ಸೇರಿದುದು. ತಂದೆಯ ಲೆಕ್ಕಪತ್ರ, ಅಕ್ಕನ ಅರ್ಜಿ, ತಮ್ಮನ ಪಾಠ, ಊರ ಜಾತ್ರೆಯ ಛಾಯಾಚಿತ್ರಗಳು, ಎಲ್ಲವೂ ಆ ಒಂದೇ ಪೆಟ್ಟಿಗೆಯಲ್ಲಿ. 2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿ ಪಾಠಗಳು ತೆರೆಯ ಮೇಲೆ ಬಂದಾಗ, ಕೆಟ್ಟ ಯಂತ್ರವೆಂದರೆ ಏನೆಂಬುದು ಅನೇಕ ಮನೆಗಳಿಗೆ ತಿಳಿಯಿತು. ರಿಪೇರಿಯವನ ಅಂಗಡಿಗೂ ಆಗ ಬೀಗವಿತ್ತು. ಹತ್ತನೆಯ ಇಯತ್ತೆ ಮುಗಿಸಿದವರು ಹನ್ನೊಂದನೆಯದರ ಪ್ರವೇಶಕ್ಕಾಗಿ ಪುಣೆಯಲ್ಲಿ ಅಂತರಜಾಲದ ಮೂಲಕವೇ ಅರ್ಜಿ ತುಂಬಬೇಕು. ಅದಕ್ಕೊಂದು ಕೊನೆಯ ದಿನವಿರುತ್ತದೆ. ಆ ದಿನವು ನಮ್ಮ ಯಂತ್ರದ ಕಾಯಿಲೆ ವಾಸಿಯಾಗುವವರೆಗೆ ಕಾಯುವುದಿಲ್ಲ.

ದೋಷವನ್ನು ಹುಡುಕುವುದಕ್ಕೆ ಒಂದು ಕ್ರಮವಿದೆ. ಅದನ್ನು ನಮ್ಮ ಪೇಠೆಯ ನೆರೆಯಿಂದಲೇ ತಿಳಿಯೋಣ. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ನಾನಾಸಾಹೇಬ ಪೇಶವೆಯವರು ಕಾತ್ರಜದ ಕೆರೆಯ ನೀರನ್ನು ನೆಲದೊಳಗಿನ ಕಲ್ಲುಕಟ್ಟಡದ ಕಾಲುವೆಯಿಂದ ಪುಣೆಗೆ ತಂದು, ಊರ ಹೌದಗಳಿಗೆ ಹಾಯಿಸಿದರು. ಕಾಲುವೆಯ ದಾರಿಯಲ್ಲಿ ಅಲ್ಲಲ್ಲಿ ‘ಉಚ್ಛ್ವಾಸ’ಗಳೆಂಬ ಬಾಯಿಗಳನ್ನು ಕಟ್ಟಿಸಿದ್ದರು. ಈಗ ಒಂದು ಹೌದದಲ್ಲಿ ನೀರು ಬರದಾಯಿತೆಂದು ಭಾವಿಸಿರಿ. ಬುದ್ಧಿವಂತನು ಇಡೀ ಕಾಲುವೆಯನ್ನು ಅಗೆಯತೊಡಗುವನೇ? ಇಲ್ಲ. ನಡುವಿನ ಒಂದು ಉಚ್ಛ್ವಾಸಕ್ಕೆ ಹೋಗಿ ಇಣಿಕಿ ನೋಡುವನು. ಅಲ್ಲಿ ನೀರಿದ್ದರೆ ದೋಷವು ಅಲ್ಲಿಂದ ಹೌದದ ಕಡೆಗೆ. ಇಲ್ಲದಿದ್ದರೆ ಅಲ್ಲಿಂದ ಕೆರೆಯ ಕಡೆಗೆ. ಒಂದೇ ನೋಟದಿಂದ ಅರ್ಧ ಕಾಲುವೆಯು ನಿರ್ದೋಷಿಯೆಂದು ತೀರ್ಮಾನವಾಯಿತು.

ಗಣಕಯಂತ್ರದಲ್ಲಿಯೂ ಇಂತಹ ಒಂದು ಹರಿವಿದೆ. ಗೋಡೆಯ ವಿದ್ಯುತ್ತು ಮೊದಲು ಪೆಟ್ಟಿಗೆಯ ಹಿಂಭಾಗದಲ್ಲಿರುವ ಪವರ್ ಸಪ್ಲೈಗೆ ಬರುತ್ತದೆ. ರಿಪೇರಿಯವರು ಇದನ್ನು ‘ಎಸ್‌ಎಂಪಿಎಸ್’ ಎನ್ನುವರು. ಅದು ಗೋಡೆಯ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳ ಏಕಮುಖ ವಿದ್ಯುತ್ತಾಗಿ ಇಳಿಸಿ ಒಳಗಿನ ಅಂಗಗಳಿಗೆ ಹಂಚುತ್ತದೆ. ಆ ಬಳಿಕ ಮದರ್‌ಬೋರ್ಡಿನ ಮೇಲಿರುವ ಒಂದು ಪುಟ್ಟ ಚಿಪ್ಪಿನೊಳಗಿನ ಆಜ್ಞೆಗಳು ಎಚ್ಚರಗೊಂಡು, ಸಂಸ್ಕಾರಕ, ಸ್ಮರಣೆ, ಕೀಲಿಮಣೆ ಮೊದಲಾದವು ನೆಟ್ಟಗಿವೆಯೋ ಎಂದು ಹಾಜರಿ ಕರೆಯುತ್ತವೆ. ಎಲ್ಲರೂ ಹಾಜರೆಂದಾದ ಮೇಲೆ ತೆರೆಯ ಮೇಲೆ ಗುರುತು ಮೂಡುತ್ತದೆ. ಡಿಸ್ಕಿನಿಂದ ವಿಂಡೋಸ್ ಅಥವಾ ಲಿನಕ್ಸ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಯು ಇಳಿದು ಬರುತ್ತದೆ. ಆದುದರಿಂದ “ಕೆಟ್ಟಿದೆ” ಎಂದು ಕೂಗುವ ಮೊದಲು ಕೇಳಬೇಕಾದ ಪ್ರಶ್ನೆಯೊಂದೇ: ಹರಿವು ಎಲ್ಲಿಯವರೆಗೆ ಬಂದು ನಿಂತಿದೆ?

ದೀಪವಿಲ್ಲ, ಫ್ಯಾನಿನ ಸದ್ದಿಲ್ಲ, ಏನೂ ಇಲ್ಲ ಎಂದಾದರೆ ಹರಿವು ಮೊದಲನೆಯ ಬಾಗಿಲಿಗೇ ಬಂದಿಲ್ಲ. ಅದೇ ಸಾಕೆಟ್ಟಿಗೆ ಮೇಜಿನ ದೀಪವನ್ನೋ ಮೊಬೈಲಿನ ಚಾರ್ಜರನ್ನೋ ಹಚ್ಚಿ ನೋಡಬೇಕು. ಹಳೆಯ ವಾಡೆಗಳಲ್ಲಿ ಸಾಕೆಟ್ಟುಗಳು ಸವೆದು ಪ್ಲಗ್ಗನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಕೈಯಿಂದ ಒತ್ತಿ ಹಿಡಿದರೆ ದೀಪ, ಬಿಟ್ಟರೆ ಕತ್ತಲೆ. ಇಂತಹ ಸಾಕೆಟ್ಟು ಬಿಸಿಯಾಗಿ ಬೆಂಕಿಗೂ ಕಾರಣವಾದೀತು; ಅದನ್ನು ಬದಲಾಯಿಸುವುದು ವಾಯರ್‌ಮನ್ನನ ಕೆಲಸ, ಮಕ್ಕಳದಲ್ಲ. ಯುಪಿಎಸ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಗೋಡೆಗೆ ಹಚ್ಚಿ ನೋಡಿರಿ. ಪವರ್ ಸಪ್ಲೈಯ ಹಿಂದೆ ಒಂದು ಗೆರೆ, ಒಂದು ಸೊನ್ನೆ ಬರೆದಿರುವ ಚಿಕ್ಕ ಸ್ವಿಚ್ಚು ಇರುವುದುಂಟು. ಕಸ ಗುಡಿಸುವಾಗ ಪೊರಕೆ ತಾಗಿ ಅದು ಸೊನ್ನೆಯ ಕಡೆಗೆ ಬಿದ್ದಿದ್ದರೆ ಯಂತ್ರಕ್ಕೆ ಜೀವವಿಲ್ಲ. ಗೆರೆಯ ಕಡೆಗೆ ಒತ್ತಿದರೆ ಆಯಿತು. ಮೇ ತಿಂಗಳಿನ ಕೊನೆಗೆ ಪುಣೆಯಲ್ಲಿ ಸಂಜೆಯ ಹೊತ್ತು ಗುಡುಗು ಸಿಡಿಲುಗಳೊಡನೆ ಮಳೆ ಬೀಳುವಾಗ, ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಸಿಡಿಲಿನ ಏಟು ಕೇಬಲ್ಲಿನ ದಾರಿಯಿಂದ ಬಂದರೆ ಸ್ವಿಚ್ಚನ್ನು ಲೆಕ್ಕಿಸುವುದಿಲ್ಲ.

ಇಲ್ಲಿ ಒಂದು ಮಾತನ್ನು ಖಂಡಿತವಾಗಿ ಹೇಳತಕ್ಕದ್ದು. ಪವರ್ ಸಪ್ಲೈಯ ಡಬ್ಬಿಯನ್ನು ಯಾರೂ ಬಿಚ್ಚಕೂಡದು. ಪ್ಲಗ್ಗು ತೆಗೆದ ಮೇಲೆಯೂ ಅದರೊಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಅದರ ಹೊಡೆತವು ಪ್ರಾಣಾಪಾಯಕರ. ಸುಟ್ಟ ವಾಸನೆ, ಹೊಗೆ, ಕಿಡಿ ಇವುಗಳಲ್ಲಿ ಯಾವುದೊಂದು ಕಂಡರೂ ಶೋಧನೆಯು ಅಲ್ಲಿಗೇ ಮುಗಿಯಿತೆಂದು ತಿಳಿದು, ಗೋಡೆಯ ಸ್ವಿಚ್ಚು ಆರಿಸಿ ಹಿರಿಯರನ್ನು ಕರೆಯಬೇಕು. ಉಳಿದ ಪೆಟ್ಟಿಗೆಯನ್ನು ಬಿಚ್ಚುವಾಗಲೂ ಮನೆಯ ಹಿರಿಯರೊಬ್ಬರು ಪಕ್ಕದಲ್ಲಿರಲಿ. ಒದ್ದೆ ಕೈ, ಒದ್ದೆ ನೆಲ ಸರ್ವಥಾ ಬೇಡ.

ಮಡಚುವ ಲ್ಯಾಪ್‌ಟಾಪಿನ ರೀತಿ ತುಸು ಬೇರೆ. ಚಾರ್ಜರನ್ನು ಕಿತ್ತು, ಬ್ಯಾಟರಿಯು ತೆಗೆಯಲು ಬರುವಂತಹದಿದ್ದರೆ ಅದನ್ನೂ ತೆಗೆದು, ಗುಂಡಿಯನ್ನು ಅರ್ಧ ನಿಮಿಷದಷ್ಟು ಹೊತ್ತು ಒತ್ತಿ ಹಿಡಿದು ಬಿಡಬೇಕು. ಒಳಗೆ ಸಿಕ್ಕಿಕೊಂಡ ಶೇಷ ವಿದ್ಯುತ್ತು ಬರಿದಾಗಿ, ಬರಿಯ ಚಾರ್ಜರನ್ನು ಹಚ್ಚಿದಾಗ ಯಂತ್ರವು ಏಳುವುದುಂಟು. ಬ್ಯಾಟರಿಯು ಉಬ್ಬಿ ಕೀಲಿಮಣೆಯನ್ನು ಮೇಲಕ್ಕೆತ್ತಿದ್ದು ಕಂಡರೆ ಮಾತ್ರ ಅದನ್ನು ಚಾರ್ಜಿಗೆ ಹಚ್ಚದೆ, ಒತ್ತದೆ, ಚುಚ್ಚದೆ ಬಲ್ಲವರಿಗೆ ಒಪ್ಪಿಸಬೇಕು.

ಇನ್ನು ಎರಡನೆಯ ಸಂದರ್ಭ. ದೀಪ ಹತ್ತಿತು, ಫ್ಯಾನು ತಿರುಗಿತು, ಆದರೆ ತೆರೆಯು ಕಪ್ಪಗೇ ಇದೆ. ಬಹುಮಂದಿ ಇಲ್ಲಿ ಗಾಬರಿಯಾಗುವರು. ಮೊದಲು ತೆರೆಯನ್ನೇ ವಿಚಾರಿಸಬೇಕು. ಅದಕ್ಕೆ ಅದರದೇ ಪ್ಲಗ್ಗು, ಅದರದೇ ಗುಂಡಿ ಇವೆ. ಅದರ ಕೇಬಲ್ಲಿನ ಎರಡು ತುದಿಗಳನ್ನೂ ಕಿತ್ತು ಮತ್ತೆ ಬಿಗಿಯಾಗಿ ಕೂಡಿಸಿರಿ. ಪೆಟ್ಟಿಗೆಯಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಇದ್ದರೆ ಕೇಬಲ್ಲನ್ನು ಅದರ ರಂಧ್ರಕ್ಕೇ ಹಚ್ಚಬೇಕು; ಮದರ್‌ಬೋರ್ಡಿನ ರಂಧ್ರಕ್ಕೆ ಹಚ್ಚಿದರೆ ಚಿತ್ರ ಬರದಿರಬಹುದು. ಇಲ್ಲಿ ಒಂದು ಸುಲಭವಾದ ಉಚ್ಛ್ವಾಸವಿದೆ. ಯಂತ್ರವನ್ನು ಹಚ್ಚಿ ಒಂದೆರಡು ನಿಮಿಷ ತಡೆದು, ಕೀಲಿಮಣೆಯ ‘ಕ್ಯಾಪ್ಸ್ ಲಾಕ್’ ಗುಂಡಿಯನ್ನು ಒತ್ತಿರಿ. ಅದರ ಪುಟ್ಟ ದೀಪವು ಹತ್ತಿ ಆರುತ್ತಿದ್ದರೆ ಯಂತ್ರವು ಒಳಗೆ ಎಚ್ಚರವಾಗಿದೆ, ಕುರುಡಾದುದು ತೆರೆ ಮಾತ್ರ ಎಂದು ಊಹಿಸಬಹುದು.

ಆ ದೀಪವೂ ಅಲುಗದಿದ್ದರೆ ಯಂತ್ರವು ಹಾಜರಿಯ ಹಂತದಲ್ಲಿಯೇ ನಿಂತಿದೆ. ತೆರೆ ಮೂಡುವ ಮೊದಲೇ ದೋಷ ಕಂಡರೆ ಅದನ್ನು ಹೇಳಲು ಯಂತ್ರಕ್ಕೆ ಬಾಯಿಲ್ಲ. ಆದುದರಿಂದ ಎಷ್ಟೋ ಯಂತ್ರಗಳು ‘ಬೀಪ್’ ಎಂದು ಕೂಗಿ ತಿಳಿಸುತ್ತವೆ. 1981ರಲ್ಲಿ ಬಂದ ಐಬಿಎಂ ಸಂಸ್ಥೆಯ ಗಣಕದಲ್ಲಿಯೂ ಈ ಏರ್ಪಾಡಿತ್ತು. ಉದ್ದ ಕೂಗು ಎಷ್ಟು, ಗಿಡ್ಡ ಕೂಗು ಎಷ್ಟು ಎಂಬುದನ್ನು ಎಣಿಸಿ ಬರೆದುಕೊಳ್ಳಬೇಕು. ಅವುಗಳ ಅರ್ಥವು ಬೋರ್ಡು ಮಾಡಿದವರಿಗನುಸಾರವಾಗಿ ಬೇರೆ ಬೇರೆಯಾಗಿರುತ್ತದೆ. ಒಂದರ ಕೋಷ್ಟಕವನ್ನು ಇನ್ನೊಂದಕ್ಕೆ ಹಚ್ಚಲಾಗದು. ಕೂಗದ ಯಂತ್ರಗಳೂ ಇವೆ. ಕೂಗಲಿ, ಬಿಡಲಿ, ಈ ಹಂತದಲ್ಲಿ ಮೊದಲು ಸಂಶಯಪಡಬೇಕಾದುದು ರ‍್ಯಾಮ್ ಪಟ್ಟಿಯನ್ನು. ನಾವು ನೋಡಿದ ಹಳೆಯ ಯಂತ್ರಗಳಲ್ಲಿ ಇದಕ್ಕಿಂತ ಹೆಚ್ಚು ಸಾಮಾನ್ಯವಾದ ಕಾರಣ ಇನ್ನೊಂದಿಲ್ಲ. ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆವು.

ರ‍್ಯಾಮ್ ಎಂದರೆ ಯಂತ್ರದ ತಾತ್ಕಾಲಿಕ ಸ್ಮರಣೆ. ಲೆಕ್ಕ ಮಾಡುವಾಗ ನಾವು ಉಪಯೋಗಿಸುವ ಪಾಟಿಯಿದ್ದ ಹಾಗೆ. ವಿದ್ಯುತ್ತು ಹೋದೊಡನೆ ಪಾಟಿಯು ಒರಸಿದಂತಾಗುವುದು. ಆದುದರಿಂದ ಅದನ್ನು ಹೊರಗೆ ತೆಗೆದರೆ ನಿಮ್ಮ ಬರೆಹವಾಗಲಿ ಚಿತ್ರಗಳಾಗಲಿ ನಾಶವಾಗುವುದಿಲ್ಲ, ಭಯ ಬೇಡ. ಅದು ಅಂಗುಲಿಗಿಂತ ತುಸು ಉದ್ದವಾದ ತೆಳು ಪಟ್ಟಿ. ಒಂದು ಅಂಚಿಗೆ ಬಂಗಾರದ ಬಣ್ಣದ ಹಲ್ಲುಗಳಿರುತ್ತವೆ. ಮಳೆಗಾಲದ ತೇವ, ಧೂಳು, ಪೆಟ್ಟಿಗೆಯನ್ನು ಎಳೆದಾಡಿದ ಅಲುಗಾಟ, ಇವುಗಳಿಂದ ಆ ಹಲ್ಲುಗಳಿಗೂ ಸಂದಿಗೂ ನಡುವಿನ ಸಂಪರ್ಕವು ಕೆಡುತ್ತದೆ.

ಪ್ಲಗ್ಗನ್ನು ಕಿತ್ತು, ಗುಂಡಿಯನ್ನೊಮ್ಮೆ ಒತ್ತಿ ಬಿಟ್ಟು, ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿರಿ. ಬಿಚ್ಚಿದ ಸ್ಕ್ರೂಗಳನ್ನು ಒಂದು ಬಟ್ಟಲಲ್ಲಿ ಹಾಕಿಡಿರಿ. ನೆಲದ ಮೇಲಿಟ್ಟ ಸ್ಕ್ರೂ ಕಳೆಯದೆ ಇರುವುದಿಲ್ಲ. ಒಳಗಿನ ಜೋಡಣೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡರೆ ಮುಂದೆ ಗೊಂದಲವಾಗದು. ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಮೈಯಲ್ಲಿ ಕೂಡಿದ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು; ನಮಗೆ ತಿಳಿಯದಷ್ಟು ಸಣ್ಣ ಕಿಡಿಯೂ ಚಿಪ್ಪನ್ನು ಕೊಲ್ಲಬಲ್ಲದು. ಬಳಿಕ ಪಟ್ಟಿಯ ತುದಿಯ ಚಿಲಕವನ್ನು ಹೊರಕ್ಕೆ ಒತ್ತಿದರೆ ಪಟ್ಟಿಯು ಮೇಲೇಳುತ್ತದೆ. ಅದರ ಅಂಚುಗಳನ್ನು ಹಿಡಿದೆತ್ತಿ, ಹಲ್ಲುಗಳನ್ನು ಶುಭ್ರವಾದ ಒಣ ಬಟ್ಟೆಯಿಂದ ಮೆಲ್ಲಗೆ ಒರಸಿರಿ. ರಿಪೇರಿಯವರು ಪೆನ್ಸಿಲಿನ ರಬ್ಬರಿನಿಂದ ತಿಕ್ಕುವ ರೂಢಿಯಿದೆ. ಹಗುರಾಗಿ ತಿಕ್ಕಿ, ಉದುರಿದ ಪುಡಿಯನ್ನು ಸಂದಿಯಲ್ಲಿ ಬೀಳದಂತೆ ಝಾಡಿಸಿದರೆ ಅಡ್ಡಿಯಿಲ್ಲ. ಹಲ್ಲುಗಳ ನಡುವೆ ಒಂದು ಕಚ್ಚಿದೆ. ಅದು ಸಂದಿಯೊಳಗಿನ ಉಬ್ಬಿಗೆ ಸರಿಹೊಂದುವಂತೆ ಹಿಡಿದು, ‘ಟಕ್’ ಎಂಬ ಸದ್ದಾಗುವವರೆಗೆ ಎರಡು ತುದಿಗಳನ್ನೂ ಒತ್ತಬೇಕು. ಹೊಂದದಿದ್ದರೆ ಬಲಾತ್ಕಾರ ಮಾಡದೆ ತಿರುಗಿಸಿ ನೋಡಿರಿ. ಎರಡು ಪಟ್ಟಿಗಳಿದ್ದರೆ ಒಂದನ್ನೇ ಹಾಕಿ ಹಚ್ಚಿರಿ, ಆಮೇಲೆ ಅದನ್ನು ತೆಗೆದು ಇನ್ನೊಂದನ್ನು. ಒಂದರೊಡನೆ ಏಳುವ ಯಂತ್ರವು ಇನ್ನೊಂದರೊಡನೆ ಏಳದಿದ್ದರೆ ಅಪರಾಧಿಯು ಸಿಕ್ಕಿದಂತಾಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕು ಕಡೆಗೆ ಒಮ್ಮೆಲೇ ಕೈಹಾಕಿದರೆ ಯಂತ್ರವು ಎದ್ದರೂ ಏಕೆ ಎದ್ದಿತೆಂದು ತಿಳಿಯುವುದಿಲ್ಲ.

ಪೆಟ್ಟಿಗೆ ಬಿಚ್ಚಿದಾಗ ಒಳಗೆ ಜಿರಲೆಯೋ ಹಲ್ಲಿಯೋ ಸತ್ತು ಬಿದ್ದಿರುವುದು ಅಪೂರ್ವವಲ್ಲ. ಬೆಚ್ಚಗಿನ ಜಾಗವನ್ನು ಅವು ಬಯಸುತ್ತವೆ. ಇದು ನಮ್ಮ ಮನೆಗಳ ಅಪಕೀರ್ತಿಯೆಂದು ತಿಳಿಯಬೇಡಿರಿ. 1947ರ ಸೆಪ್ಟೆಂಬರ್ 9ರಂದು ಅಮೇರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದ ‘ಮಾರ್ಕ್ 2’ ಎಂಬ ಗಣಕದ ರಿಲೇಯೊಂದರಲ್ಲಿ ಒಂದು ಪತಂಗವು ಸಿಕ್ಕಿಬಿದ್ದಿತ್ತು. ಅಲ್ಲಿಯ ಕೆಲಸಗಾರರು ಅದನ್ನು ತೆಗೆದು ದಿನಚರಿಯ ಪುಟಕ್ಕೆ ಅಂಟಿಸಿ ಟಿಪ್ಪಣಿ ಬರೆದರು. ಆ ಪುಟವು ಇಂದಿಗೂ ಸಂಗ್ರಹಾಲಯದಲ್ಲಿ ಉಳಿದಿದೆ. ದೋಷಕ್ಕೆ ‘ಬಗ್’, ಅಂದರೆ ಹುಳ, ಎನ್ನುವ ರೂಢಿಯು ಅದಕ್ಕೂ ಹಿಂದಿನದು. ಅಂದು ಮಾತ್ರ ನಿಜವಾದ ಹುಳವೇ ದೊರೆಯಿತು.

ಬೋರ್ಡಿನ ಮೇಲೆ ಎಂಟಾಣೆಯಂತಹ ಒಂದು ದುಂಡು ಬ್ಯಾಟರಿಯೂ ಕಾಣುವುದು. ಅದರ ಹೆಸರು ಸಿಆರ್2032. ಅಡ್ಡಗಲ 20 ಮಿಲಿಮೀಟರು, ದಪ್ಪ 3.2 ಮಿಲಿಮೀಟರು ಎಂಬುದೇ ಆ ಅಂಕಿಗಳ ಅರ್ಥ. ಯಂತ್ರವು ಆರಿದಾಗ ಗಡಿಯಾರವನ್ನು ನಡೆಸುವುದು ಇದೇ. ಎದ್ದಾಗಲೆಲ್ಲ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಇದರ ಕಾಲ ಮುಗಿದಿದೆ. ಕೆಲವು ರೂಪಾಯಿಗಳ ವಸ್ತು.

ಮೂರನೆಯ ಸಂದರ್ಭದಲ್ಲಿ ತೆರೆಯು ಮೂಡುತ್ತದೆ, ಅದರ ಮೇಲೆ ಇಂಗ್ಲಿಷಿನ ಒಂದು ವಾಕ್ಯವೂ ಮೂಡುತ್ತದೆ, ಮುಂದೆ ಏನೂ ನಡೆಯುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ನಾವು ಇಲ್ಲಿ ಎದೆಗುಂದಿ, ವಾಕ್ಯವನ್ನು ಓದುವ ಮೊದಲೇ ಯಂತ್ರವನ್ನು ಆರಿಸಿಬಿಡುತ್ತೇವೆ. ಹಾಗೆ ಮಾಡುವುದು ವೈದ್ಯರು ಬರೆದ ಚೀಟಿಯನ್ನು ಓದದೆ ಹರಿದು ಹಾಕಿದಂತೆ. ಸದಾಶಿವ ಪೇಠೆಯಲ್ಲಿರುವವರಿಗೆ ಪುಣೇರಿ ಪಾಟಿಗಳ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಬಾಗಿಲಿನ ಮೇಲಿನ ಆ ಫಲಕಗಳ ಮಾತು ಗಿಡ್ಡ, ಸ್ವರ ಕಟು, ಆದರೆ ಹೇಳಬೇಕಾದುದನ್ನು ಹೇಳಿರುತ್ತವೆ. ಯಂತ್ರದ ವಾಕ್ಯವೂ ಅದೇ ಜಾತಿಯದು. ಅರ್ಥವಾಗದಿದ್ದರೆ ಅಕ್ಷರಕ್ಕೆ ಅಕ್ಷರ, ಅಂಕಿಗೆ ಅಂಕಿ ನಕಲು ಮಾಡಿಕೊಳ್ಳಿರಿ, ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಶಬ್ದಕೋಶವಿದೆ, ಶಿಕ್ಷಕರಿದ್ದಾರೆ. ನಾಲ್ಕು ಪದಗಳ ಅರ್ಥ ತಿಳಿದರೆ ಅರ್ಧ ರಿಪೇರಿಯಾದಂತೆ.

ಅವುಗಳಲ್ಲಿ ಬಹಳ ಸಲ ಕಾಣುವುದು ‘ನೋ ಬೂಟೇಬಲ್ ಡಿವೈಸ್’ ಎಂಬುದು. ‘ಬೂಟ್’ ಎಂಬ ಮಾತಿನ ಹಿಂದೆ ಒಂದು ವಿನೋದವಿದೆ. ಯಾವ ಆಜ್ಞಾವಳಿಯನ್ನಾದರೂ ಸ್ಮರಣೆಗೆ ಇಳಿಸಲು ಇನ್ನೊಂದು ಆಜ್ಞಾವಳಿ ಬೇಕು; ಹಾಗಾದರೆ ಮೊದಲನೆಯದನ್ನು ಇಳಿಸುವವರಾರು? ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವ ಅಸಾಧ್ಯ ಸಾಹಸಕ್ಕೆ ಇದನ್ನು ಹೋಲಿಸಿದರು. ನಮ್ಮವರಾದರೆ ಜುಟ್ಟು ಹಿಡಿದು ಎತ್ತಿಕೊಂಡ ಎನ್ನುತ್ತಿದ್ದರೇನೋ. ಚಿಪ್ಪಿನಲ್ಲಿ ಅಳಿಯದಂತೆ ಬರೆದಿಟ್ಟ ಪುಟ್ಟ ಆಜ್ಞಾವಳಿಯೇ ಆ ಸಾಹಸವನ್ನು ಮಾಡುವುದು. ಅದು ಡಿಸ್ಕಿನಲ್ಲಿ ತನ್ನ ದೊಡ್ಡಣ್ಣನನ್ನು ಹುಡುಕಿ ಕಾಣದಾದಾಗ ಮೇಲಿನ ವಾಕ್ಯವನ್ನು ಬರೆಯುತ್ತದೆ. ಒಂದು ಪೆನ್ ಡ್ರೈವು ಸಿಕ್ಕಿಸಿಯೇ ಇದ್ದರೆ, ಯಂತ್ರವು ಮೊದಲು ಅದರಲ್ಲಿಯೇ ಹುಡುಕಿ ನಿರಾಶೆಗೊಂಡಿರಬಹುದು. ಕಿತ್ತು ಮತ್ತೆ ಹಚ್ಚಿ ನೋಡಿರಿ. ಅದಲ್ಲದಿದ್ದರೆ ಡಿಸ್ಕಿಗೆ ಹೋಗುವ ಎರಡು ಕೇಬಲ್ಲುಗಳಲ್ಲಿ ಒಂದು ಸಡಿಲಾಗಿರಬಹುದು. ಲಿನಕ್ಸ್ ತುಂಬಿದ ಪೆನ್ ಡ್ರೈವಿನಿಂದ ಯಂತ್ರವು ಸರಾಗವಾಗಿ ಎದ್ದರೆ, ಬೋರ್ಡು, ಸ್ಮರಣೆ ಎಲ್ಲವೂ ಕ್ಷೇಮ, ಡಿಸ್ಕು ಅಥವಾ ಅದರೊಳಗಿನ ವ್ಯವಸ್ಥೆ ಮಾತ್ರ ಅಸ್ವಸ್ಥ ಎಂದು ಗೊತ್ತಾಗುತ್ತದೆ.

ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ಒಂದು ತಟ್ಟೆಯು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತದೆ. ಅದರಿಂದ ‘ಟಿಕ್, ಟಿಕ್’ ಎಂಬ ಸದ್ದು ಒಂದೇ ಸಮನೆ ಬರುತ್ತಿದ್ದರೆ ಆ ಕ್ಷಣವೇ ಆರಿಸಿರಿ. ಮತ್ತೆ ಮತ್ತೆ ಹಚ್ಚಿದಷ್ಟೂ ತಟ್ಟೆಯ ಮೇಲಿನ ಬರೆಹವು ಕೆರೆದುಹೋಗುವ ಸಂಭವವಿದೆ. ಯಂತ್ರ ಬೇರೆ, ಯಂತ್ರದೊಳಗಿನ ಬರೆಹ ಬೇರೆ. ಬೋರ್ಡು ಸುಟ್ಟರೂ ಡಿಸ್ಕು ಬದುಕಿದ್ದರೆ ಅದನ್ನು ಬಿಚ್ಚಿ ಬೇರೊಂದು ಗಣಕಕ್ಕೆ ಹಚ್ಚಿ ಎಲ್ಲವನ್ನೂ ಹಿಂದಕ್ಕೆ ಪಡೆಯಬಹುದು. ವಿಂಡೋಸಿನ ಬಿಟ್‌ಲಾಕರ್ ಬೀಗ ಹಾಕಿದ್ದರೆ 48 ಅಂಕಿಗಳ ಕೀಲಿಯೂ ಬೇಕಾದೀತು. ಅದನ್ನು ಯಂತ್ರವು ನೆಟ್ಟಗಿರುವಾಗಲೇ ಕಾಗದದ ಮೇಲೆ ಬರೆದಿಡಬೇಕು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಪುಣೆಯ ನದೀತೀರದ ಪೇಠೆಗಳಿಗೆ ನೀರು ನುಗ್ಗಿದಾಗ ಎಷ್ಟೋ ಮನೆಗಳ ಕಾಗದಪತ್ರಗಳು, ಭಾವಚಿತ್ರಗಳು ಕೊಚ್ಚಿಹೋದವು. ಇಂದು ಒಂದು ಅಂಗೈಯಗಲದ ಡಿಸ್ಕು ನಿಂತರೆ ಅಷ್ಟೇ ಹಾನಿಯು ಸದ್ದಿಲ್ಲದೆ ಆಗುವುದು. ತಿಂಗಳಿಗೊಮ್ಮೆ ಮುಖ್ಯವಾದುದನ್ನು ಪೆನ್ ಡ್ರೈವಿಗೋ ಇನ್ನೊಂದು ಡಿಸ್ಕಿಗೋ ನಕಲು ಮಾಡಿ, ಯಂತ್ರದಿಂದ ದೂರವಾಗಿ ಕಪಾಟಿನಲ್ಲಿ ಇಡಿರಿ.

ಅಂಗಗಳೆಲ್ಲ ನೆಟ್ಟಗಿದ್ದೂ ಯಂತ್ರವು ಏಳದಿರಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ರಕ್ಷಣಾ ತಂತ್ರಾಂಶಕ್ಕೆ ಬಂದ ಒಂದು ಸದೋಷ ಪರಿಷ್ಕರಣದಿಂದ, ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 85 ಲಕ್ಷ ಗಣಕಗಳು ನೀಲಿ ತೆರೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣದ ಚೀಟಿಗಳನ್ನು ಕೈಯಿಂದ ಬರೆದುಕೊಡಬೇಕಾಯಿತು. ಒಂದು ಸ್ಕ್ರೂ ಕೂಡ ಕೆಟ್ಟಿರಲಿಲ್ಲ. ಯಂತ್ರವನ್ನು ‘ಸೇಫ್ ಮೋಡ್’ ಎಂಬ ಸರಳ ಸ್ಥಿತಿಯಲ್ಲಿ ಎಬ್ಬಿಸಿ, ಆ ಒಂದು ಕಡತವನ್ನು ಅಳಿಸಿದರೆ ಸರಿಹೋಗುತ್ತಿತ್ತು. ಮನೆಯ ಯಂತ್ರಕ್ಕೂ ಇದೇ ದಾರಿ. ವಿಂಡೋಸ್ ಸಾಲಾಗಿ ಎರಡು ಮೂರು ಬಾರಿ ಏಳಲಾರದೆ ಹೋದರೆ ತಾನೇ ದುರಸ್ತಿಯ ತೆರೆಯನ್ನು ತೋರಿಸುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’, ಮುಂದೆ ‘ಅಡ್ವಾನ್ಸ್ಡ್ ಆಪ್ಷನ್ಸ್’, ಅದರೊಳಗೆ ‘ಸ್ಟಾರ್ಟಪ್ ರಿಪೇರ್’ ಇವೆ. ಇದರಿಂದ ಹಾನಿಯಿಲ್ಲ. ಆದರೆ ಪಕ್ಕದಲ್ಲಿಯೇ ‘ರಿಸೆಟ್’ ಎಂಬುದಿದೆ. ಅದರೊಳಗಿನ ‘ರಿಮೂವ್ ಎವ್ರಿಥಿಂಗ್’ ಎಂದರೆ ಸಕಲವನ್ನೂ ಅಳಿಸು ಎಂದರ್ಥ. ಅರ್ಥ ತಿಳಿಯದೆ ಅದನ್ನು ಒತ್ತಿದವರ ಮನೆಯಲ್ಲಿ ಯಂತ್ರವು ಎದ್ದಿತು, ಬೇರೆ ಏನೂ ಉಳಿಯಲಿಲ್ಲ.

ಇಷ್ಟರಿಂದಲೂ ಏಳದಿದ್ದರೆ ರಿಪೇರಿಯವನ ಬಳಿಗೆ ಹೋಗತಕ್ಕದ್ದೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. “ಆದ್ದರಿಂದಲೇ ಇದು ಏಳುತ್ತಿಲ್ಲ, ಹೊಸದು ಕೊಳ್ಳಿ” ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಬೆಂಬಲ ಮುಗಿದರೆ ರಕ್ಷಣೆ ತಗ್ಗುವುದು ನಿಜ, ಆ ಕಾರಣದಿಂದ ಯಂತ್ರವು ಏಳುವುದನ್ನು ಬಿಡುವುದಿಲ್ಲ. ಹೋಗುವ ಮೊದಲು ಒಂದು ಚೀಟಿಯಲ್ಲಿ ಮರಾಠಿಯಲ್ಲಿ ಬರೆದುಕೊಳ್ಳಿರಿ: ದೀಪ ಹತ್ತುತ್ತದೆಯೇ, ಫ್ಯಾನು ತಿರುಗುತ್ತದೆಯೇ, ಕೂಗು ಎಷ್ಟು, ತೆರೆಯ ಮೇಲಿನ ವಾಕ್ಯ ಯಾವುದು, ನಾವು ಏನೇನು ಮಾಡಿ ನೋಡಿದೆವು. ಇಂತಹ ಚೀಟಿ ಹಿಡಿದು ಬಂದ ಹುಡುಗನೊಡನೆ ಅಂಗಡಿಯವನು ಬೇರೆಯೇ ರೀತಿಯಲ್ಲಿ ಮಾತನಾಡುತ್ತಾನೆ. ಬರಿಯ ಕೇಬಲ್ಲು, ಬ್ಯಾಟರಿ ಬೇಕಾದರೆ ಬುಧವಾರ ಪೇಠೆಯ ತಪಕೀರ ಗಲ್ಲಿಯಿದೆ, ನಡೆದೇ ಹೋಗಬಹುದು. ಪೇಠೆಯ ಅಂಗಡಿಗಳು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮುಚ್ಚಿರುವ ಪದ್ಧತಿಯನ್ನು ಮರೆಯದಿರಿ. ಯಂತ್ರವನ್ನು ಒಪ್ಪಿಸುವಾಗ ರ‍್ಯಾಮ್ ಪಟ್ಟಿ ಮತ್ತು ಡಿಸ್ಕುಗಳ ಮೇಲಿನ ನಂಬರುಗಳನ್ನು ಬರೆದಿಟ್ಟುಕೊಂಡು, ಯಾವುದನ್ನಾದರೂ ಬದಲಿಸಿದರೆ ಹಳೆಯದನ್ನು ಹಿಂದಕ್ಕೆ ಕೊಡಬೇಕೆಂದು ಮೊದಲೇ ಹೇಳಿರಿ. ಡಿಸ್ಕನ್ನು ಅಳಿಸುವ ಮುನ್ನ ಮನೆಗೆ ಫೋನು ಮಾಡಿ ಕೇಳಬೇಕೆಂಬುದನ್ನು ಆ ಚೀಟಿಯ ಮೇಲೆಯೇ ದೊಡ್ಡ ಅಕ್ಷರಗಳಲ್ಲಿ ಬರೆಯಿರಿ.